ಮಾದೇವಿ ಅಕ್ಕೋರ ಸೊಸೆಯ ಎರಡು ಕೈ

ಕುಮಟಾ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯ ಮೇಲೆ ‘ವಿಡಿಯೋ ಮಿಕ್ಸಿಂಗ್, ಸ್ಪೆಷಲ್ ಎಫೆಕ್ಟ್ಸ್’ ಎಂದು ಬೋರ್ಡು ಹಾಕಿದ್ದರಿಂದ ತಿಂಗಳಿಗೊಬ್ಬರಾದರೂ ಕೆಟ್ಟ ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಮನ ನೋಯಿಸದೆ ಕೆಳಗಿಳಿಸುವುದೂ ಶರ್ಮಿಳಾಳ ಕೆಲಸವೇ. ಯಂತ್ರ ತಂದವನು ಮಾಲಕ ಪ್ರಕಾಶ, ಅದರ ಮುಂದೆ ಕೂರುವವನು ಶಿವ. ಭಟ್ಕಳ, ಹೊನ್ನಾವರ, ಕುಮಟೆಯ ಫೋಟೋಗ್ರಾಫರುಗಳು ತಂದುಕೊಡುವ ಕ್ಯಾಸೆಟ್ಟುಗಳಲ್ಲಿ ಯಾವುದು ಯಾವ ದಿನ ಯಂತ್ರಕ್ಕೆ ಹೋಗಬೇಕು, ಯಾವ ದಿನ ಹೊರಗೆ ಬರಬೇಕು ಎಂದು ನಿರ್ಧರಿಸುವವಳು ಶರ್ಮಿಳಾ. ಯಂತ್ರ ಇದ್ದದ್ದು ಒಂದು. ಒಳ್ಳೆಯ ಮುಹೂರ್ತವಿದ್ದರೆ ಒಂದೇ ದಿನ ಮದುವೆ ಹತ್ತು. ಆದರೂ ಆರು ವರ್ಷಗಳಲ್ಲಿ ಅವಳು ಕೊಟ್ಟ ತಾರೀಖು ತಪ್ಪಿದ್ದಿಲ್ಲ. ಮೂರು ತಾಲೂಕಿನಲ್ಲಿ ಅವಳ ಮಾತು ಕೇಳದಿದ್ದದ್ದು ಎರಡೇ: ಮಳೆ ಮತ್ತು ಕರೆಂಟು.

೨೦೦೪ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಶಿವ ಕುರ್ಚಿ ತಿರುಗಿಸಿ, “ಶರ್ಮಿಳಕ್ಕ, ಇಲ್ಲಿ ಬಂದು ನೋಡು. ಕೂತ್ಕಂಡೇ ನೋಡು,” ಎಂದ.

ಪರದೆಯ ಮೇಲೆ ಅಪ್ಸರಕೊಂಡದ ಅಬ್ಬಿ ಬಂಡೆಯ ಮೇಲಿಂದ ಧುಮುಕುತ್ತಿತ್ತು. ಅದರ ಮುಂದೆ ಗುರುವಾರವಷ್ಟೇ ಮದುವೆಯಾದ ನರೇಶ ಮತ್ತು ಧನ್ಯಾ. ಧನ್ಯಾ ನಗುತ್ತ ಎರಡೂ ಕೈ ಎತ್ತಿದಳು. ಮೊಣಕೈಯಿಂದ ತುಸು ಮುಂದಿನವರೆಗೆ ತೋಳಿತ್ತು. ಆಮೇಲೆ ಬರೀ ನೀರು. ನೀರಿನಾಚೆ ಎರಡು ಅಂಗೈಗಳು ಯಾರಿಗೂ ಸೇರದವುಗಳ ಹಾಗೆ ತೇಲುತ್ತಿದ್ದವು.

ಕಂಪ್ಯೂಟರ್ ಕೈ ಕೊಡುವುದು ಶರ್ಮಿಳಾಳಿಗೆ ಹೊಸದಲ್ಲ. ಕೈ ಕಿತ್ತುಕೊಂಡದ್ದು ಇದೇ ಮೊದಲು.

ಮೇ ತಿಂಗಳಲ್ಲಿ ಅಬ್ಬಿ ದಾರದಷ್ಟು ಸಣ್ಣದಾಗುತ್ತದೆ. ಅದಕ್ಕಾಗಿ ಆಗಸ್ಟಿನಲ್ಲೇ ತುಂಬಿದ ಅಬ್ಬಿಯ ಚಿತ್ರ ತೆಗೆದಿಟ್ಟುಕೊಂಡಿದ್ದರು. ಗಂಡು ಹೆಣ್ಣನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದರೆ, ಕಂಪ್ಯೂಟರ್ ಹಸಿರು ಕಂಡಲ್ಲೆಲ್ಲ ಅಳಿಸಿ ಅಬ್ಬಿ ತುಂಬುತ್ತದೆ. ಹಾಗಾಗಿ ಉಡುಗೆಯಲ್ಲಿ ಹಸಿರು ಇರಕೂಡದು. ಶರ್ಮಿಳಾ ಫೋನ್ ಮಾಡಿ ಕೇಳಿಯೇ ಇದ್ದಳು. ಸೀರೆ ಕೆಂಪು, ರವಿಕೆ ಕೆಂಪು, ಮದುಮಗನ ಅಂಗಿ ನೀಲಿ. ಅಂಗಿ ನೀಲಿ ಎಂದೇ ಹಿಂದೆ ಸದಾ ಇರುತ್ತಿದ್ದ ನೀಲಿ ಬಟ್ಟೆ ಬಿಚ್ಚಿಸಿ ಹಸಿರು ಬಟ್ಟೆ ಕಟ್ಟಿಸಿದವಳೂ ಅವಳೇ. ಮದುಮಗಳ ಕೈತುಂಬ ಹಸಿರು ಗಾಜಿನ ಬಳೆ ಇರುತ್ತದೆ ಎನ್ನುವುದು ಇಲ್ಲಿ ಹುಟ್ಟಿದವರಿಗೆ ಹೇಳಬೇಕಾದ ಸಂಗತಿಯಲ್ಲ. ಅದಕ್ಕೇ ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಳೆಯನ್ನು ಉಡುಗೆಯ ಲೆಕ್ಕಕ್ಕೆ ಹಿಡಿಯುವವರು ಯಾರು? ನಿನ್ನೆ ಚಿತ್ರ ತೆಗೆಯುವಾಗ ಧನ್ಯಾಳ ಕೈ ಹಿಡಿದು ಬಳೆ ಚೆಂದ ಇವೆ ಎಂದು ಬೇರೆ ಹೇಳಿದ್ದಳು.

ಭಾನುವಾರ ಸಂಜೆ ಆರೂವರೆಗೆ ಹೊನ್ನಾವರದ ಮದುವೆ ಹಾಲ್‌ನಲ್ಲಿ ಆರತಕ್ಷತೆ. ದೊಡ್ಡ ಪರದೆ, ಐನೂರು ಜನ. ಅಲ್ಲಿ ತೋರಿಸಲು ಈ ಹಾಡಿನ ವಿಡಿಯೋ ಮಾಡಿಸುತ್ತಿದ್ದವರು ನರೇಶನ ತಾಯಿ ಮಾದೇವಿ ಅಕ್ಕೋರು. ಹೊಳನಗದ್ದೆಯಲ್ಲಿ ಶರ್ಮಿಳಾಳಿಗೆ ನಾಲ್ಕನೇ ಇಯತ್ತೆ ಕಲಿಸಿದವರು. ಹೊಸ ಸೊಸೆಯನ್ನು ಐನೂರು ಜನರೆದುರು ಕೈ ಕಡಿದು ತೋರಿಸಿದರೆ ಅದು ಬರೀ ನಗೆಪಾಟಲಲ್ಲ, ಅಪಶಕುನ. ಮತ್ತೆ ಚಿತ್ರ ತೆಗೆಯೋಣವೆಂದರೆ ಗಂಡ ಹೆಂಡತಿ ಬೆಳಿಗ್ಗೆಯೇ ಕೊಲ್ಲೂರಿಗೆ ಹೋಗಿದ್ದರು. ನಾಳೆ ನೇರ ಹಾಲ್‌ಗೆ ಬರುವವರು.

“ಬಳೆ ಅಳಿಸದ ಹಾಗೆ ಒಂದೊಂದು ಚಿತ್ರದಲ್ಲೂ ಅದರ ಸುತ್ತ ನಾ ಗೆರೆ ಎಳೀಬೇಕು,” ಎಂದ ಶಿವ. “ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಹಾಡು ನಾಲ್ಕು ನಿಮಿಷ. ಲೆಕ್ಕ ಹಾಕ್ಬೇಡ, ತಲೆ ತಿರುಗ್ತದೆ.”

“ಒಂದು ನಿಮಿಷ ಮಾತ್ರ ಆದ್ರೆ?”

“ಈಗ್ಲೇ ಕೂತ್ರೆ ನಾಳೆ ಮಧ್ಯಾಹ್ನ. ಆದ್ರೆ ಈಗ ಯಂತ್ರ ದುರ್ಗಪ್ಪಂದಲ್ದಾ?”

ಹೌದು. ಭಟ್ಕಳದ ಫೋಟೋಗ್ರಾಫರ್ ದುರ್ಗಪ್ಪನ ಗಿರಾಕಿಯ ಮದುವೆ ಸಿ.ಡಿ.ಯನ್ನು ಇವತ್ತು ಸಂಜೆಗೇ ಕೊಡುತ್ತೇನೆಂದು ಅವಳು ಬರೆದುಕೊಟ್ಟಿದ್ದಳು. ಅದನ್ನು ಮೊದಲು ಹಾಕಿ, ನಡುವೆ ಕರೆಂಟೂ ಹೋದರೆ, ಹಾಡು ನಾಳೆ ಸಂಜೆಗೆ ಮುಗಿಯುವುದಿಲ್ಲ.

ಪ್ರಕಾಶ ಫೋನಿನಲ್ಲಿ ಸಲಹೆ ಕೊಟ್ಟ: “ಇಬ್ರಿಗೂ ಕರೆಂಟ್ ಇರ್ಲಿಲ್ಲ ಹೇಳು. ಕರೆಂಟ್ ಇತ್ತು ಹೇಳಿ ಯಾರೂ ವಾದ ಮಾಡೂಕೆ ಬರೂದಿಲ್ಲ.”

“ಅಕ್ಕೋರ ಹತ್ರ ಒಂದೇ ಸಲ ಸುಳ್ಳು ಹೇಳಿದ್ದೆ, ನಾಲ್ಕನೇ ಇಯತ್ತೇಲಿ. ಸಾಕಾತು,” ಎಂದು ಶರ್ಮಿಳಾ ಫೋನ್ ಇಟ್ಟು, ಭಟ್ಕಳದ ನಂಬರು ಒತ್ತಿದಳು.

“ದುರ್ಗಪ್ಪಣ್ಣ, ನಿಮ್ಮ ಗಿರಾಕಿ ನಾಳೆ ಸಂಜೆಯ ರೈಲಿಗೇ ಅಲ್ದಾ ಮುಂಬೈಗೆ ಹೋಗೂದು? ಅದು ಭಟ್ಕಳ ಬಿಟ್ಟು ಕುಮಟೆಗೆ ಬಂದು ಎರಡು ನಿಮಿಷ ನಿಲ್ತದೆ. ಡಬ್ಬಿ ನಂಬರು ಹೇಳಿ. ಸಿ.ಡಿ. ಕಿಟಕಿಗೆ ಬರ್ತದೆ.”

“ರೈಲು ಬಿಡ್ತಿದ್ಯಾ ನನ್ನ ಹತ್ರ?”

“ನಾ ಬಿಡೂದಲ್ಲ, ಹಿಡಿಯೂದು.”

ಆ ಕಡೆಯಿಂದ ನಗು ಬರಲಿಲ್ಲ. “ಅವ್ರು ನಾಡಿದ್ದು ವಿಮಾನ ಹತ್ತಿ ದುಬೈಗೆ ಹೋಗೂರು. ನಾಳೆ ತಪ್ಪಿದ್ರೆ ಇನ್ನು ಭಟ್ಕಳದಿಂದ ನಿಮ್ಮಲ್ಲಿಗೆ ಒಂದು ಕ್ಯಾಸೆಟ್ಟೂ ಬರೂದಿಲ್ಲ. ಬರೂಕೆ ನಾ ಬಿಡೂದೂ ಇಲ್ಲ.”

ಶಿವ ಗೆರೆ ಎಳೆಯಲು ಕೂತ. ಹನ್ನೆರಡಕ್ಕೆ ಮಾದೇವಿ ಅಕ್ಕೋರು ರಿಕ್ಷಾದಲ್ಲಿ ಬಂದರು. ಶರ್ಮಿಳಾ ಪೀಠಿಕೆ ಹಾಕದೆ ಪರದೆ ತೋರಿಸಿ, ಹಸಿರು ಬಳೆಯಿಂದ ಹೀಗಾಯಿತು ಎಂದಳು. ಸೊಸೆಯ ಕೈಗಳು ತೇಲುವುದನ್ನು ಅಕ್ಕೋರು ಎರಡು ಸಲ ನೋಡಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದರು.

“ಬಳೆ ತೆಗೆಸಿ ಮತ್ತೆ ನಿಲ್ಸೂದಾ?” ಎಂದರು. ಧ್ವನಿ ತಣ್ಣಗಿತ್ತು.

“ಇಲ್ಲ ಅಕ್ಕೋರೆ, ಬಳೆ ಮುಟ್ಟೂದಿಲ್ಲ. ತಪ್ಪು ನಂದು, ನಾ ಕೇಳ್ಲಿಲ್ಲ. ನಾಳೆಗೆ ಒಂದು ನಿಮಿಷದ ಹಾಡು ಮಾತ್ರ ಕೊಡೂಕಾಗ್ತದೆ.”

“ಒಂದು ನಿಮಿಷ ಸಾಕು. ಜನ ಬೇಗ ಊಟಕ್ಕೆ ಏಳ್ತಾರೆ.” ಎದ್ದವರು ಬಾಗಿಲಲ್ಲಿ ನಿಂತರು. “ಧನ್ಯನ ಅಜ್ಜಿ ಮುಂದಿನ ಸಾಲಲ್ಲೇ ಕೂರ್ತಾರೆ. ಈ ಸಂಬಂಧವೇ ಬೇಡ ಹೇಳಿದವ್ರು ಅವ್ರು. ಕೈ ಕಾಣೆ ಆದ್ರೆ ಆ ಹುಡುಗಿ ಜನ್ಮ ಪೂರ್ತಿ ಅದ್ನೇ ಕೇಳ್ಬೇಕು, ತಿಳೀತಾ?”

ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಗಿ ಐದಕ್ಕೆ ಬಂತು. ಶಿವ ಕುರ್ಚಿಯಲ್ಲೇ ಉಂಡ, ಕುರ್ಚಿಯಲ್ಲೇ ತೂಕಡಿಸಿದ. ಮರುದಿನ ಎರಡೂವರೆಗೆ ಒಂದು ನಿಮಿಷದ ಹಾಡು ಸಿ.ಡಿ.ಯಾಗಿ ಹೊರಬಂತು. ಇಬ್ಬರೂ ಮೊದಲಿಂದ ಕೊನೆಯವರೆಗೆ ನೋಡಿದರು. ಬಳೆಗಳೆಲ್ಲ ಇದ್ದವು. ನಲವತ್ತನೇ ಸೆಕೆಂಡಿಗೆ ಎಡಗೈ ಮಣಿಕಟ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ, ಬಂತು.

“ಕಣ್ಣು ತಪ್ಪಿತು,” ಎಂದ ಶಿವ. “ಸರಿ ಮಾಡಿ ಮತ್ತೆ ಸಿ.ಡಿ. ಬರೀಲಿಕ್ಕೆ ಎರಡು ತಾಸು.”

ದುರ್ಗಪ್ಪನ ಕೆಲಸಕ್ಕೂ ಎರಡು ತಾಸು. ರೈಲು ಐದೂಮುಕ್ಕಾಲಿಗೆ. ಶರ್ಮಿಳಾ ಗಡಿಯಾರ ನೋಡಿದಳು, ಪರದೆ ನೋಡಿದಳು. ಅಜ್ಜಿ ಮುಂದಿನ ಸಾಲಿನಲ್ಲಿ ಕೂತಂತೆ ಕಂಡಿತು.

“ದುರ್ಗಪ್ಪಂದು ಹಾಕು,” ಎಂದಳು.

ಪ್ರಕಾಶ ಸ್ಟೇಶನ್ನಿಗೆ ಹೋಗುವುದು, ಸಿ.ಡಿ. ತಲುಪಿದರೆ ಎರಡು ಮಿಸ್ಡ್ ಕಾಲ್ ಕೊಡುವುದು ಎಂದಾಯಿತು. ಅವಳು ಹೊನ್ನಾವರದ ಬಸ್ಸು ಹತ್ತಿದಳು. ಹಾಲ್‌ನ ಮೆಟ್ಟಿಲಲ್ಲಿ ಫೋನು ಎರಡು ಸಲ ಮಿಣುಕಿ ಸುಮ್ಮನಾಯಿತು. ಅಕ್ಕೋರಿಗೆ ಆ ಅರೆಗಳಿಗೆಯ ವಿಷಯ ಮೊದಲೇ ಹೇಳಬೇಕೆಂದಿದ್ದಳು. ಅವರು ವೇದಿಕೆಯ ಮೇಲೆ, ಬೀಗರ ನಡುವೆ ಇದ್ದರು. ದೀಪ ಆರಿತು.

ಅಬ್ಬಿ ಧುಮುಕಿತು. ಜನ ಓ ಎಂದರು. ಶರ್ಮಿಳಾ ಪರದೆ ನೋಡಲಿಲ್ಲ. ಮುಂದಿನ ಸಾಲಿನ ಅಜ್ಜಿಯ ಮುಖ ನೋಡುತ್ತ ಎಣಿಸಿದಳು. ಮೂವತ್ತೆಂಟು. ಮೂವತ್ತೊಂಬತ್ತು. ಅಜ್ಜಿ ಪಕ್ಕದವಳ ಕಡೆ ತಿರುಗಿ, “ಈ ಬಿಸಿಲಿಗೆ ಇಷ್ಟು ನೀರು ಎಲ್ಲಿಂದ ಬಂತೇ?” ಎಂದು ಕೇಳಿದಳು. ನಲವತ್ತೊಂದು.

ದೀಪ ಬಂತು. ಅಕ್ಕೋರು ಜನರ ನಡುವೆ ದಾರಿ ಮಾಡಿಕೊಂಡು ಅವಳ ಹತ್ತಿರವೇ ಬಂದರು.

“ಒಂದು ಕಡೆ ಕೈ ಹೋತು.”

“ಹೌದು ಅಕ್ಕೋರೆ. ಮಧ್ಯಾಹ್ನವೇ ಗೊತ್ತಿತ್ತು.”

“ಗೊತ್ತಿದ್ದೂ ತಂದ್ಯಾ?”

“ಸರಿ ಮಾಡೂಕೆ ಕೂತಿದ್ರೆ ಭಟ್ಕಳದವ್ರಿಗೆ ಕೊಟ್ಟ ಮಾತು ತಪ್ತಿತ್ತು.”

ಅಕ್ಕೋರು ಉತ್ತರಪತ್ರಿಕೆ ನೋಡುವ ಹಾಗೆ ಅವಳ ಮುಖವನ್ನು ನೋಡಿದರು. “ಅಜ್ಜಿ ನೋಡಿದ್ರೆ ನಿನ್ನ ಹತ್ರ ನಾ ಹಿಂಗೆ ಮಾತಾಡ್ತಿರ್ಲಿಲ್ಲ. ಅದು ನೆನಪಿರ್ಲಿ. ಉಳಿದ ಮೂರು ನಿಮಿಷ ಯಾವಾಗ? ಬರೂ ಶನಿವಾರ?”

ಹೂಂ ಎನ್ನುವುದು ಸುಲಭವಿತ್ತು.

“ಶನಿವಾರ ಆಗೂದಿಲ್ಲ ಅಕ್ಕೋರೆ. ಅದರ ಮುಂದಿನ ಮಂಗಳವಾರ.”

“ಆತು,” ಎಂದರು ಅಕ್ಕೋರು. “ಊಟ ಮಾಡ್ಕಂಡು ಹೋಗು. ಆ ಶಿವಂಗೂ ಕಟ್ಟಿಸ್ಕೊಡ್ತೆ.”