ಚಪ್ಪಲಿ ಅಂಗಡಿಯ ಅಕ್ಕ
ನಮ್ಮ ಬೀದಿಯ ಚಪ್ಪಲಿ ಅಂಗಡಿಯ ಅಕ್ಕ ಯಾರೇ ಬಂದರೂ ಮೊದಲು ಕಾಲು ನೋಡುತ್ತಾಳೆ, ಆಮೇಲೆ ಮುಖ. ಸಣ್ಣ ವ್ಯಾಪಾರಿಗಳ ತರಬೇತಿಯಲ್ಲಿ ಯಾರೋ "ಗಿರಾಕಿಗಳ ಸಂಪರ್ಕ ಬಿಡಬೇಡಿ" ಅಂದರಂತೆ. ಅವತ್ತಿನಿಂದ ಈಕೆ ಒಬ್ಬರನ್ನೂ ಬಿಟ್ಟಿಲ್ಲ. ಹೊಸ ಚಪ್ಪಲಿ ಮೆಟ್ಟಿಕೊಂಡು ನಾವು ಮನೆ ಸೇರುವಷ್ಟರಲ್ಲಿ ವಾಟ್ಸಾಪಿನಲ್ಲಿ "ಕಚ್ತಿದೆಯಾ?" ಎಂದು ಕೇಳಿರುತ್ತಾಳೆ. ಹೌದೆಂದರೆ ಎಣ್ಣೆ ಬಾಟಲಿ ಹಿಡಿದು ಮನೆ ಬಾಗಿಲಿಗೇ ಬರುತ್ತಾಳೆ. ತನ್ನಲ್ಲಿ ಅಳತೆ ಸಿಗದಿದ್ದರೆ "ಎದುರು ಅಂಗಡೀಲಿ ಇದೆ, ನಾನು ಕಳಿಸಿದೆ ಅನ್ನಿ" ಎನ್ನುತ್ತಾಳೆ. ಹಾಗೆ ಹೋದವರು ಮುಂದಿನ ಸಲ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಇವಳಲ್ಲಿಗೇ ಬರುತ್ತಾರೆ. ಇದೆಲ್ಲ ವ್ಯಾಪಾರದ ಜಾಣತನವೆಂದೇ ನಾನು ತಿಳಿದಿದ್ದೆ. ಒಂದು ದಿನ, ಅಪಘಾತದಲ್ಲಿ ಎಡಗಾಲು ಕಳೆದುಕೊಂಡ ಲಾರಿ ಡ್ರೈವರ್ ಬಂದು, "ಬಲಗಾಲಿಂದು ಒಂದೇ ಸಾಕು, ದುಡ್ಡು ಜೊತೇದೇ ಕೊಡ್ತೀನಿ" ಎಂದು ತಲೆ ತಗ್ಗಿಸಿದ. "ಅರ್ಧ ಕೊಡಣ್ಣ ಸಾಕು. ಇನ್ನೊಂದರ ಯಜಮಾನರನ್ನ ನಾನು ಹುಡುಕ್ತೀನಿ" ಎಂದಳು ಅಕ್ಕ. ಸಮಾಧಾನದ ಮಾತಿರಬೇಕು ಅಂದುಕೊಂಡೆ. ಆಕೆಯೋ ಬಂದ ಗಿರಾಕಿಗಳನ್ನೆಲ್ಲ ವಿಚಾರಿಸಿದಳು, ಉಳಿದ ಎಡಗಾಲ ಚಪ್ಪಲಿಯ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದಳು, ಕೊನೆಗೆ ಊರ ಆ ತುದಿಯಲ್ಲಿ ಬಲಗಾಲಿಲ್ಲದ, ಅದೇ ಅಳತೆಯ ಮೇಷ್ಟ್ರೊಬ್ಬರನ್ನು ಪತ್ತೆಹಚ್ಚಿಯೇ ಬಿಟ್ಟಳು. ನಾನು ಬೆಕ್ಕಸಬೆರಗಾದೆ. ಈಗ ಅವರಿಬ್ಬರೂ ಒಟ್ಟಿಗೇ ಬರುತ್ತಾರೆ. ನಿನ್ನೆ ಅಂಗಡಿಯ ಬೆಂಚಿನ ಮೇಲೆ ಊರುಗೋಲುಗಳನ್ನು ಒರಗಿಸಿ ಕೂತು, ಒಂದು ಜೊತೆ ಚಪ್ಪಲಿಯನ್ನು ನಡುವೆ ಇಟ್ಟುಕೊಂಡು ಜಗಳವಾಡುತ್ತಿದ್ದರು. "ಕಪ್ಪೇ ಇರಲಿ ಮೇಷ್ಟ್ರೇ" ಎಂದ ಡ್ರೈವರ್. ಮೇಷ್ಟ್ರು ಜಗ್ಗಲಿಲ್ಲ: "ಹೋದ ಸಲ ನೀನು ಹೇಳಿದ್ದೇ ಆಯ್ತಲ್ಲಯ್ಯಾ, ಈ ಸಲ ಕಂದು!"