ಅಕ್ಕನ ಹಿತ್ತಲಿನ ಕರಿಮರ

ಸಾವಳಗಿಗೆ ಹೋಗಿ ನಮ್ಮ ಅಕ್ಕನ ಹಿತ್ತಲಿನಲ್ಲಿ ನಿಂತಾಗಲೆಲ್ಲ ನಾನು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತೇನೆ. ನೋಡಿದವರು ಇದನ್ನು ಹಿರಿಯರ ಠೀವಿ ಎಂದುಕೊಳ್ಳುತ್ತಾರೆ. ಬನಹಟ್ಟಿಯಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ಕೈಮಗ್ಗದಲ್ಲಿ ನಲವತ್ತು ವರ್ಷ ಕೂತು ಎದ್ದ ಎಪ್ಪತ್ನಾಲ್ಕರ ಮುದುಕನಿಗೆ ಠೀವಿ ಎಲ್ಲಿಂದ ಬರಬೇಕು? ಕಾರಣ ಬೇರೆ ಇದೆ. ಆ ಹಿತ್ತಲಿನಲ್ಲಿ ನನ್ನ ಕೈಗಳ ಮೇಲೆ ನನಗೆ ನಂಬಿಕೆಯಿಲ್ಲ.

ಅಲ್ಲೊಂದು ಕರಿಮರವಿದೆ. ನಮ್ಮ ಸೀಮೆಯದಲ್ಲ, ಆಫ್ರಿಕಾದ್ದು. ಅದು ಇಲ್ಲಿಗೆ ಬಂದದ್ದು ನಮ್ಮ ಭಾವನಿಂದ. ಅಕ್ಕನ ಗಂಡ ಸಕ್ಕರೆ ಫ್ಯಾಕ್ಟರಿಯಲ್ಲಿ ಪಾಕ ಕುದಿಸುವ ಕೆಲಸದವರು. ಆಫ್ರಿಕಾದ ಒಂದು ಫ್ಯಾಕ್ಟರಿಗೆ ಹೋಗಿ ಆರು ವರ್ಷ ದುಡಿದು ಬಂದರು. ಹಾಗೆ ಹೋದವರು ಟೇಪ್ ರಿಕಾರ್ಡರು, ವಾಚು ತರುತ್ತಿದ್ದ ಕಾಲ ಅದು. ಭಾವ ತಂದದ್ದು ಕರವಸ್ತ್ರದಲ್ಲಿ ಕಟ್ಟಿದ ಒಂದು ಹಿಡಿ ಬೀಜ. ಅಕ್ಕ ಗಂಟು ಬಿಚ್ಚಿ ನೋಡಿ, "ಆರ ವರ್ಷ ಹಾದಿ ನೋಡಿದ್ದಕ್ಕ ಇದೇನ್ರಿ? ಹುಣಸಿ ಬೀಜ ನಮ್ಮೂರಾಗ ಸಿಗೂದಿಲ್ಲೇನು?" ಎಂದಳು. ಭಾವ ನಕ್ಕು, "ಬಂಗಾರ ತಂದ್ರ ಕಳ್ಳರ ಒಯ್ತಾರ. ಇದನ್ನ ಯಾರ ಒಯ್ತಾರ ಹೇಳು" ಎಂದರು. ನಾನು ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ನನ್ನನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕರಿಮರವನ್ನು ಬೆಳೆಸುವುದು ಕಬ್ಬು ಬೆಳೆಸಿದಂತಲ್ಲ. ಕಬ್ಬಿನವರಿಗೆ ಎಲ್ಲ ರೋಗಕ್ಕೂ ನೀರೇ ಔಷಧ. ಭಾವ ಬೀಜಗಳನ್ನು ಒಂದು ರಾತ್ರಿ ಬಿಸಿನೀರಿನಲ್ಲಿ ನೆನೆಸಿಟ್ಟು, ಸೊಂಟದಷ್ಟು ಆಳದ ಮೂರು ಗುಂಡಿ ತೋಡಿಸಿ, ಎರೆಮಣ್ಣು ತೆಗೆಸಿ, ಹೊಳೆಯ ಮರಳು ಮತ್ತು ಗುಡ್ಡದ ಕೆಂಪುಮಣ್ಣು ಬೆರೆಸಿ ತುಂಬಿಸಿದರು. ಬೀಜವನ್ನು ಎಲ್ಲಿ ಬೆಳೆಯಬೇಕೋ ಅಲ್ಲೇ ಊರಬೇಕು. ಮೊದಲು ಬೇರು ಇಳಿಯುತ್ತದೆ, ಅದನ್ನು ಕಿತ್ತು ಬೇರೆಡೆ ನೆಟ್ಟರೆ ಸಿಟ್ಟು ಮಾಡಿಕೊಂಡು ಸಾಯುತ್ತದೆ. ಎಂಟು ದಿನಕ್ಕೊಮ್ಮೆ ಒಂದು ಕೊಡ ನೀರು. ಭಾವ ಊರಲ್ಲಿಲ್ಲದಾಗ ಪಕ್ಕದ ಹೊಲದವನು ಪಾಪ ಎನಿಸಿ ಒಂದು ಗುಂಡಿಗೆ ಕಾಲುವೆಯನ್ನೇ ತಿರುಗಿಸಿದ. ಅದು ಕೊಳೆತುಹೋಯಿತು. ಉಳಿದವು ಎರಡು. ಅವು ಬೆಳೆದದ್ದೂ ಎಂಥ ಬೆಳವಣಿಗೆ! ಮೊದಲ ಮೂರು ವರ್ಷ ಮೊಣಕಾಲು ದಾಟಲಿಲ್ಲ. "ಸಾಲಿಗೆ ಹಾಕಿದ್ರ ಇಷ್ಟೊತ್ತಿಗೆ ಎರಡನೇ ಕ್ಲಾಸ್ ಪಾಸ್ ಆಗತಿತ್ತು" ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಹದಿನೈದು ವರ್ಷ ದಾಟಿದ ಮೇಲೆ ಎರಡೂ ಗಿಡ ಹೂ ಬಿಟ್ಟವು. ಒಂದರಲ್ಲಿ ಹಣ್ಣಾಯಿತು. ಲಿಂಬೆಗಾತ್ರ, ಹಳದಿ ಬಣ್ಣ, ತಲೆಯ ಮೇಲೊಂದು ಟೊಪ್ಪಿಗೆ. ರುಚಿ ಹೇಳಬೇಕೆಂದರೆ ಚಿಕ್ಕುವಿಗೆ ಯಾರೋ ನಾಲ್ಕು ಹನಿ ಲಿಂಬೆರಸ ಹಿಂಡಿದಂತೆ. ಅಕ್ಕ ಮೊದಲ ಹಣ್ಣನ್ನು ಬೀಜದವರೆಗೂ ಚೀಪಿ ತಿಂದಳು. ಆಮೇಲೆ ಗಂಡನ ಮುಖ ನೋಡಿ, "ಇದನ್ನ ತಿಂದಕೋತ ಅಲ್ಲಿ ಒಬ್ಬರ ಇದ್ರೇನ್ರಿ?" ಎಂದಳು. ಅವರು ಅಲ್ಲಿ ಒಬ್ಬರೇ ಕಳೆದ ಆರು ವರ್ಷದ ಬದುಕೆಲ್ಲ ಅವಳಿಗೆ ಆ ಒಂದು ಹಣ್ಣಿನಲ್ಲಿ ಅರ್ಥವಾಯಿತೋ ಏನೋ. ಅಲ್ಲಿಂದ ವರ್ಷವರ್ಷವೂ ಅವಳು ಆ ಹಣ್ಣಿಗೆ ಕಾಯುತ್ತಿದ್ದಳು. ಇನ್ನೊಂದು ಗಿಡ ಹೂ ಬಿಡುತ್ತಿತ್ತು, ಉದುರಿಸುತ್ತಿತ್ತು, ಅಷ್ಟೇ. ಕಾಯಿಲ್ಲ, ಹಣ್ಣಿಲ್ಲ. ಅದನ್ನು ನಾನು ಮನಸ್ಸಿನಲ್ಲೇ 'ದಂಡಪಿಂಡ' ಎಂದು ಕರೆದಿದ್ದೆ.

ಇಲ್ಲಿ ನನ್ನ ಒಂದು ಆಸೆಯ ಬಗ್ಗೆ ಹೇಳಬೇಕು. ನೇಕಾರನ ಕೈಯಲ್ಲಿ ಮಗ್ಗದ ಒಳಗೆ ಅತ್ತಿಂದಿತ್ತ ಓಡುವ ಮರದ ತುಂಡಿಗೆ ಲಾಳಿ ಎನ್ನುತ್ತೇವೆ. ಅದರ ಮೈ ಒಂದು ಕೂದಲೆಳೆ ಒರಟಾದರೂ ನೂಲು ಹರಿಯುತ್ತದೆ. ನಮ್ಮ ತಂದೆಯ ಹತ್ತಿರ ಒಂದು ಕರಿಮರದ ಲಾಳಿ ಇತ್ತಂತೆ. ಎಷ್ಟು ವರ್ಷ ಓಡಿದರೂ ಸಿಬಿರು ಏಳಲಿಲ್ಲವಂತೆ, ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ನಾನು ಅದನ್ನು ನೋಡಿದವನಲ್ಲ. ನೋಡದ ವಸ್ತುವಿನ ಮೇಲಿನ ಆಸೆ ನೋಡಿದ್ದರ ಆಸೆಗಿಂತ ಕೆಟ್ಟದ್ದು. ಊರ ತುಂಬ ಪವರ್‌ಲೂಮು ಬಂದು, ನನ್ನ ಕೈಮಗ್ಗ ವಾರಕ್ಕೆ ಎರಡು ದಿನ ನಡೆದರೆ ಹೆಚ್ಚು ಎನ್ನುವ ಕಾಲಕ್ಕೆ ಆ ಆಸೆ ಬಲಿಯಿತು. ಹಲ್ಲು ಬಿದ್ದ ಮೇಲೆ ಕಬ್ಬು ತಿನ್ನುವ ಚಪಲ.

ಹನ್ನೊಂದು ವರ್ಷದ ಹಿಂದೆ ಭಾವನಿಗೆ ಕಾಯಿಲೆಯಾಗಿ ಮಿರಜಿಗೆ ದವಾಖಾನೆಗೆ ಒಯ್ದರು. ಅಕ್ಕ ಜೊತೆಗೆ ಹೋದಳು. ಮನೆ ಕಾಯಲು ನನ್ನನ್ನು ಕರೆಸಿದರು. ಮೂರನೆಯ ದಿನ ನಾನು ಪರಿಚಯದ ಬಡಿಗನನ್ನು ಕರೆದು ಆ ದಂಡಪಿಂಡ ಗಿಡವನ್ನು ತೋರಿಸಿದೆ. ಹಣ್ಣು ಕೊಡದ ಗಿಡ ಲಾಳಿಯಾದರೂ ಕೊಡಲಿ ಎಂಬ ನ್ಯಾಯ. ಅವನು ಕೊಡಲಿ ಹಾಕಿ ಉರುಳಿಸಿ, ಗರಗಸದಿಂದ ಅಡ್ಡ ಕೊಯ್ದು, ಬಾಗಿ ನೋಡಿದ.

"ಕಾಕಾ, ಇದರಾಗ ಕರೀದ ಎಲ್ಲೈತ್ರೀ? ಬೇವಿಗಿಂತ ಬೆಳ್ಳಗೈತಿ!"

"ಇನ್ನಷ್ಟ ಒಳಗ ಇರಬೇಕ ನೋಡೋ."

"ಒಳಗ ಇನ್ನೇನೈತ್ರೀ, ಆ ಕಡಿ ತೊಗಟಿ ಬಂತು."

ಕರಿಮರದ ನಡುಭಾಗ ಕಪ್ಪಾಗಲು ಎಷ್ಟೋ ತಲೆಮಾರು ಬೇಕು ಎಂದು ನನಗೆ ಆಮೇಲೆ ತಿಳಿಯಿತು. ಮನುಷ್ಯನ ಒಳಗು ಕಪ್ಪಾಗಲು ಅಷ್ಟು ಕಾಲ ಬೇಡ. ನನ್ನದು ಒಂದು ಮುಂಜಾವಿನಲ್ಲಿ ಆಗಿತ್ತು.

ಮಿರಜಿಗೆ ಹೋಗಿ ಭಾವನ ಹಾಸಿಗೆಯ ಪಕ್ಕ ನಿಂತು, "ಒಂದ ಗಿಡಕ್ಕ ಬುಡದಾಗ ಗೆದ್ದಲ ಹತ್ತಿತ್ತರಿ ಭಾವಾ, ಗಾಳಿಗೆ ಬಿತ್ತು" ಎಂದೆ. ಭಾವ ನನ್ನನ್ನು ನೋಡಿದರು. ಬಹಳ ಹೊತ್ತೇ ನೋಡಿದರು. "ಗೆದ್ದಲಾ?" ಎಂದರು. "ಹೌದ್ರಿ." "ಆತು ಬಿಡು" ಎಂದು ಗೋಡೆಯ ಕಡೆ ಹೊರಳಿದರು. ಎರಡು ವಾರಕ್ಕೆ ತೀರಿಕೊಂಡರು.

ಮುಂದಿನ ವರ್ಷ ಉಳಿದ ಗಿಡ ಹೂ ಬಿಟ್ಟಿತು, ಹಣ್ಣು ಬಿಡಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ಅಕ್ಕ ಬಂದವರಿಗೆಲ್ಲ ಹೇಳತೊಡಗಿದಳು: "ಗಿಡಕ್ಕೂ ಜೀವ ಐತ್ರಿ. ಅವರ ಹೋದ ಸಂಕಟಕ್ಕ ಇದೂ ಹಣ್ಣ ಬಿಡೂದ ಬಿಟ್ಟತಿ." ಸಂಜೆ ಅದರ ಬುಡದಲ್ಲಿ ಕೂತು ಜೋಳ ಹಸನು ಮಾಡುತ್ತ ಅದರೊಡನೆ ಮಾತಾಡುತ್ತಿದ್ದಳು. ನಾನು ಕೇಳಿಸಿಕೊಂಡೆ. ಸುಮ್ಮನಿದ್ದೆ.

ಸುಮ್ಮನಿದ್ದದ್ದು ಸಣ್ಣ ತಪ್ಪು, ದೊಡ್ಡದು ಬೇರೆ ಇತ್ತು. ಕಡಿದ ಗಿಡದ ಬೊಡ್ಡೆ ಸತ್ತಿರಲಿಲ್ಲ. ಮಳೆ ಬಿದ್ದೊಡನೆ ಪಕ್ಕದಿಂದ ಕೆಂಪು ಚಿಗುರು ಎದ್ದಿತು. ಗೆದ್ದಲು ತಿಂದ ಗಿಡ ಇಷ್ಟು ಹುಮ್ಮಸ್ಸಿನಿಂದ ಚಿಗುರಿದರೆ ನನ್ನ ಸುಳ್ಳು ಎಷ್ಟು ದಿನ ನಿಂತೀತು? ಹಾಗಾಗಿ ವರ್ಷವರ್ಷವೂ ದೀಪಾವಳಿಗೆ ಮುಂಚೆ ಸಾವಳಗಿಗೆ ಹೋಗಿ, ಹಿತ್ತಲು ಹಸನು ಮಾಡುವ ನೆಪದಲ್ಲಿ, ಕುಡಗೋಲಿನಿಂದ ಕಸದ ನಡುವಿನ ಆ ಚಿಗುರನ್ನು ಸವರಿ ಮಣ್ಣು ಎಳೆದು ಬರುತ್ತಿದ್ದೆ. ಹನ್ನೊಂದು ವರ್ಷ. "ತಮ್ಮ ಅಂದ್ರ ಹಿಂಗಿರಬೇಕು" ಎಂದು ಅಕ್ಕ ಓಣಿಯವರ ಮುಂದೆ ಹೊಗಳುತ್ತಿದ್ದಳು. ಆ ಹೊಗಳಿಕೆಯ ಜೊತೆ ಅವಳು ಬಡಿಸಿದ ಹೋಳಿಗೆಯನ್ನೂ ತಿಂದಿದ್ದೇನೆ.

ಹೋದ ಮಳೆಗಾಲದಲ್ಲಿ ಅಕ್ಕ ಫೋನು ಮಾಡಿ, "ಗಿಡಕ್ಕ ಏನರ ಔಷಧ ಸಿಗತೈತೇನ ಕೇಳೋ ತಮ್ಮಾ. ಸಾಯೂದ್ರಾಗ ಒಂದ ಹಣ್ಣ ತಿನಬೇಕನಸೈತಿ" ಎಂದಳು. ಅವಳಿಗೀಗ ಎಪ್ಪತ್ತೆಂಟು. ನಾನು ಜಮಖಂಡಿಯ ಒಂದು ನರ್ಸರಿಗೆ ಹೋಗಿ, ಆಫ್ರಿಕಾದ ಕರಿಮರ, ಮೊದಲು ಹಣ್ಣು ಬಿಡುತ್ತಿತ್ತು, ಈಗಿಲ್ಲ ಎಂದು ಎಲೆ ತೋರಿಸಿದೆ. ನರ್ಸರಿಯಾತ ಎಲೆ ತಿರುವಿ ನೋಡಿ, "ಇದರ ಗಂಡ ಗಿಡ ಎಲ್ಲೈತ್ರೀ ಅಜ್ಜಾರ?" ಎಂದ.

"ಗಂಡ ಗಿಡ ಅಂದ್ರ?"

"ಪಪ್ಪಾಯಿ ಇದ್ದಂಗ್ರೀ. ಇದರಾಗ ಗಂಡ ಬ್ಯಾರೆ, ಹೆಣ್ಣ ಬ್ಯಾರೆ. ಗಂಡ ಬರೇ ಹೂ ಬಿಡತೈತಿ. ಅದು ಇಲ್ಲಂದ್ರ ಇದಕ್ಕ ನೀವ ಅಮೃತ ಹಾಕಿದ್ರೂ ಕಾಯಿ ಕಟ್ಟೂದಿಲ್ಲ."

ನಾನು ಅಲ್ಲಿದ್ದ ಸಿಮೆಂಟಿನ ಕುಂಡದ ಅಂಚಿಗೆ ಕೂತೆ. "ಗಂಡ ಗಿಡಕ್ಕ ಗೆದ್ದಲ ಹತ್ತಿ ಹೋತು" ಎಂದೆ. ಹಳೆಯ ಸುಳ್ಳು ಬಾಯಿಗೆ ತಾನೇ ಬಂತು.

ಅವನು ನಕ್ಕ. "ಈ ಕಟ್ಟಿಗಿಗೆ ಗೆದ್ದಲ? ಆಫ್ರಿಕಾದಾಗ ಗೆದ್ದಲ ಹತ್ತೂದಿಲ್ಲಂತನ ಇದರಿಂದ ಮನಿ ಕಂಬ ಮಾಡತಾರಂತ. ಬೊಡ್ಡಿ ಇದ್ರ ಚಿಗೀತೈತ್ರಿ. ಒಳಗ ಹಳೇ ಬೇರ ಇರತೈತಿ. ಕಡೀಲಿಲ್ಲಂದ್ರ ಐದಾರ ವರ್ಷಕ್ಕ ಹೂ ಬಿಡಬಹುದು."

ಬಸ್ಸಿನಲ್ಲಿ ಬನಹಟ್ಟಿಗೆ ಮರಳುವಾಗ ಔಷಧದ ವಿಚಾರ ತಲೆಯಲ್ಲಿರಲಿಲ್ಲ. ಭಾವ ಆ ದೇಶದಲ್ಲಿ ಆರು ವರ್ಷ ಇದ್ದವರು. ಆ ಮರದ ಕಂಬಗಳನ್ನು ನೋಡಿದವರು. "ಗೆದ್ದಲಾ?" ಎಂದು ಅವರು ಕೇಳಿದ್ದು ಪ್ರಶ್ನೆಯಾಗಿರಲಿಲ್ಲ. ಅವರಿಗೆ ಆ ಗಳಿಗೆಯಲ್ಲೇ ತಿಳಿದಿತ್ತು. ತಿಳಿದೂ ಹೆಂಡತಿಗೆ ಹೇಳದೆ ಹೋದರು. ಬೈದಿದ್ದರೆ ನಾನು ಅಂದೇ ಅತ್ತು ಹಗುರಾಗುತ್ತಿದ್ದೆ. ಆ ದೊಡ್ಡ ಮನುಷ್ಯನ ಮುಂದೆ ಇನ್ನೊಮ್ಮೆ ನಿಲ್ಲುವಂತಿದ್ದರೆ ಎಂದು ಎಷ್ಟು ಸಲ ಹಂಬಲಿಸಿದ್ದೇನೋ.

ಅವರಿಲ್ಲ, ಅಕ್ಕ ಇದ್ದಾಳೆ. ಮರುವಾರ ಹೋದೆ. ಚಿಗುರು ಗೇಣುದ್ದ ಎದ್ದಿತ್ತು. ಅದರ ಪಕ್ಕ ಅಕ್ಕನನ್ನು ಕೂರಿಸಿ, ಬಡಿಗ, ಕುಡಗೋಲು, ನರ್ಸರಿಯವನ ಮಾತು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಜೋಳದ ಮೊರ ಕೆಳಗಿಟ್ಟಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವಳು ಉಳಿದ ಮರವನ್ನು ನೋಡುತ್ತ ಕೇಳಿದ್ದು ಒಂದೇ ಮಾತು:

"ಹಂಗಾದ್ರ ಇದು ಅವರಿಗಂತ ಅತ್ತಿಲ್ಲ?"

ಹನ್ನೊಂದು ವರ್ಷ ಅವಳಿಗೆ ಜೊತೆಯಾಗಿದ್ದ ದುಃಖವನ್ನು ಕೂಡ ನಾನು ಈಗ ಕಡಿದಿದ್ದೆ.

ನನ್ನ ಕಡೆ ತಿರುಗಿ, "ಅವರಿಗೆ ಗೊತ್ತಿತ್ತೇನು?" ಎಂದಳು.

"ಗೊತ್ತಿತ್ತು ಅನಸತೈತಿ ಅಕ್ಕಾ."

"ಒಬ್ಬ ಕಡದ, ಒಬ್ಬ ಮುಚ್ಚಿಟ್ಟ. ಛಲೋ ಕೂಡಿದ್ರಿ ಇಬ್ರೂ!" ಎಂದು ಎದ್ದು ಒಳಗೆ ಹೋದಳು. ಅಂದು ಚಹಾ ಬರಲಿಲ್ಲ. ನಮ್ಮ ಕಡೆ ಚಹಾ ಕೊಡದೆ ಕಳಿಸುವುದೆಂದರೆ ಏನೆಂದು ನಿಮಗೆ ಗೊತ್ತು. ನನ್ನ ಎಪ್ಪತ್ನಾಲ್ಕು ವರ್ಷದಲ್ಲಿ ಅಕ್ಕನ ಎದುರಿನಿಂದ ಬರಿಬಾಯಲ್ಲಿ ಹೊರಟದ್ದು ಅದೇ ಮೊದಲು.

ಹದಿನೆಂಟು ದಿನ ಫೋನಿಲ್ಲ. ಹತ್ತೊಂಬತ್ತನೆಯ ದಿನ ಬಂತು. ಹೇಗಿದ್ದೀ ಎಂಬ ಮಾತಿಲ್ಲ. "ಆಡು ಬಂದು ಚಿಗುರಿಗೆ ಬಾಯಿ ಹಾಕಾಕತ್ತಾವ. ಬಂದ ಬೇಲಿ ಹಾಕು" ಎಂದು ಇಟ್ಟುಬಿಟ್ಟಳು. ನಾನು ಸಿಕ್ಕ ಬಸ್ಸು ಹಿಡಿದು ಓಡಿದೆ. ಜಾಲಿಮುಳ್ಳು ತಂದು ಬೊಡ್ಡೆಯ ಸುತ್ತ ಬೇಲಿ ಕಟ್ಟಿದೆ. ಅಕ್ಕ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ಎಷ್ಟ ವರ್ಷಕ್ಕ ಹೂ ಬಿಡತೈತಂತ?"

"ಐದಾರ ವರ್ಷ ಅಂದಾನ."

"ಅಲ್ಲೀತನಾ ನೀ ಸಾಯಂಗಿಲ್ಲ ನೋಡು. ನೀ ಕಡದದ್ದ ನೀನ ಬೆಳಸಬೇಕು. ನಡುವ ಸತ್ತಿ ಅಂದ್ರ ನಿನಗ ಮಣ್ಣ ಕೊಡಾಕೂ ಬರಂಗಿಲ್ಲ ನಾ."

ಈಗ ಎಂಟು ದಿನಕ್ಕೊಮ್ಮೆ ಹೋಗಿ ಒಂದು ಕೊಡ ನೀರು ಹಾಕಿ ಬರುತ್ತೇನೆ. ನಮಸ್ಕರಿಸಿದವರಿಗೆಲ್ಲ ಹಿರಿಯರು ನೂರು ವರ್ಷ ಬಾಳು ಎನ್ನುತ್ತಾರೆ. ಆಯುಷ್ಯವನ್ನು ಶಿಕ್ಷೆಯಾಗಿ ಪಡೆದವನು ನಮ್ಮ ನಾಲ್ಕು ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಡಾಕ್ಟರು ಬರೆದುಕೊಟ್ಟ ಬಿ.ಪಿ. ಗುಳಿಗೆಗಳನ್ನು ಇಷ್ಟು ದಿನ ಮರೆತ ಹಾಗೆ ಮಾಡುತ್ತಿದ್ದೆ. ಈಗ ದಿನಾ ಮುಂಜಾನೆ ತಪ್ಪದೆ ನುಂಗುತ್ತೇನೆ. ಸೊಸೆ ಇದನ್ನು ಕಂಡು, ಮಾವನವರಿಗೆ ಬದುಕಿನ ಮೇಲೆ ಆಸೆ ಬಂದಿದೆ ಎಂದು ಸಂತೋಷಪಡುತ್ತಾಳೆ. ನಾನು ತಿದ್ದಿಲ್ಲ. ಅಕ್ಕನೂ ತನ್ನ ಗುಳಿಗೆ ತಪ್ಪಿಸುತ್ತಿಲ್ಲವಂತೆ.