ಚಿಕ್ಕಮ್ಮ ತಿದ್ದಿದ ಮುಖ

ನನ್ನ ಚಿಕ್ಕಮ್ಮನ ಜೊತೆ ಬೀದಿಯಲ್ಲಿ ನಡೆಯುವುದೆಂದರೆ ನನಗೆ ಮುಜುಗರ. ಎದುರಿಗೆ ಬಂದವರನ್ನೆಲ್ಲ ಅವಳು ನಿಂತು ನೋಡುತ್ತಾಳೆ. ಕದ್ದುಮುಚ್ಚಿ ನೋಡುವುದಲ್ಲ, ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನೋಡುವುದು. ಅವರು ದಾಟಿ ಹೋಗುವಷ್ಟರಲ್ಲಿ ನನ್ನ ಮೊಣಕೈ ಜಗ್ಗಿ, "ನೋಡಿದ್ಯಾ, ಕೆಳತುಟಿ ಒಂದು ಕಡೆ ದಪ್ಪ. ಸಿಟ್ಟು ಬಂದಾಗ ಕಚ್ಚಿಕೊಳ್ಳೋ ಅಭ್ಯಾಸ ಇರ್ಬೇಕು" ಎನ್ನುತ್ತಾಳೆ. "ಮೆಲ್ಲಗೆ ಮಾತಾಡು, ಅವರಿಗೂ ಕಿವಿ ಇದೆ" ಎಂದರೆ, "ಇದೆ, ನೋಡ್ದೆ. ಕಿವಿ ಬಗ್ಗೆ ಏನೂ ಹೇಳೋ ಹಾಗಿಲ್ಲ, ಚೆನ್ನಾಗಿದೆ" ಎಂದು ಮುಂದೆ ಹೋಗುತ್ತಾಳೆ. ಮಾನ ಉಳಿಸಿಕೊಳ್ಳಲು ನಾನು ರಸ್ತೆಯ ಆಚೆ ಬದಿಗೆ ದಾಟಿಕೊಂಡದ್ದೂ ಉಂಟು.

ಅವಳು ನನ್ನ ಅಮ್ಮನ ತಂಗಿ. ನಾನು ನಡೆಯಲು ಕಲಿಯುವ ಮೊದಲೇ ಅಮ್ಮ ತೀರಿಕೊಂಡಳು. ಅಪ್ಪ ಬೇರೆ ಮದುವೆಯಾಗಿ ಬೇರೆ ಊರು ಸೇರಿದ. ಚಿಕ್ಕಮ್ಮ ನನ್ನನ್ನು ಎತ್ತಿಕೊಂಡು ಈ ಊರಿಗೆ ಬಂದು, ಒಂದು ಫೋಟೊ ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದಳು. ಕೆಳಗೆ ಸ್ಟುಡಿಯೊ, ಮೇಲೆ ಎರಡು ಕೋಣೆಯ ನಮ್ಮ ಮನೆ. ಮದುವೆಯ ಮಾತು ಎತ್ತಿದವರಿಗೆಲ್ಲ "ನನಗೆ ಕಿಟಕಿ ಪಕ್ಕದ ಕುರ್ಚಿ ಸಿಕ್ಕಿದೆ, ಬಿಟ್ಟು ಎದ್ರೆ ಬೇರೆಯವರು ಕೂತ್ಕೊಳ್ತಾರೆ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಆ ಕುರ್ಚಿಯಲ್ಲಿ ಕುಳಿತು ಅವಳು ಮಾಡುತ್ತಿದ್ದದ್ದು ಟಚ್‌ಅಪ್. ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದ ಕಾಲ. ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಸೂಜಿಯಷ್ಟು ಚೂಪಾದ ಪೆನ್ಸಿಲಿನಿಂದ ಜನರ ಮುಖ ತಿದ್ದುತ್ತಿದ್ದಳು. ಮೊಡವೆ ಒರೆಸುವುದು, ಗಾಯದ ಕಲೆ ಅಳಿಸುವುದು, ಫೋಟೊ ತೆಗೆಯುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿದವರ ಕಣ್ಣು ತೆರೆಸುವುದು. ಬೀದಿಯವರ ಬಾಯಲ್ಲಿ ಅವಳು ಟಚ್‌ಅಪ್ ಅಕ್ಕ. ಮುಖದ ಮೇಲೆ ಕಲೆ ಇಟ್ಟುಕೊಂಡು ಆ ಸ್ಟುಡಿಯೊದಿಂದ ಹೊರಗೆ ಬಂದ ಫೋಟೊ ಇಲ್ಲ.

ನೀರು ಬಿದ್ದು, ಹುಳ ತಿಂದು ಹಾಳಾದ ಹಳೆಯ ಫೋಟೊಗಳು ಬಂದರೆ ಮಾತ್ರ ಅವಳ ಕೆಲಸದ ರೀತಿಯೇ ಬೇರೆ. ಮುಖದಲ್ಲಿ ಮೂಗೇ ಇಲ್ಲದಿದ್ದರೆ ಮೂಗನ್ನು ಎಲ್ಲಿಂದ ತರುವುದು? "ಮನೆಯವರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ" ಎನ್ನುತ್ತಿದ್ದಳು. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಅಪ್ಪನಿಗೆ ಮಗನ ಮೂಗು, ಅಕ್ಕನಿಗೆ ತಂಗಿಯ ಗಲ್ಲ ಹಚ್ಚುತ್ತಿದ್ದಳು. ಇದಕ್ಕೆ ಅವಳು ಇಟ್ಟ ಹೆಸರು ಎರವಲು. ಒಮ್ಮೆ ಒಬ್ಬರು ತಮ್ಮ ತಾತನ ಫೋಟೊ ಕೊಟ್ಟು, ಅಂದು ಮನೆಯಲ್ಲಿ ಬಿಡುವಾಗಿದ್ದವನು ಅಳಿಯ ಒಬ್ಬನೇ ಎಂದು ಅವನನ್ನೇ ಕಳಿಸಿಬಿಟ್ಟರು. ಅವನೂ ಬಾಯಿ ಬಿಡದೆ ಸ್ಟೂಲಿನ ಮೇಲೆ ಕುಳಿತು ಹೋದ. ಆಮೇಲೆ ಆ ಮನೆಯಲ್ಲಿ ಎಲ್ಲರೂ, ತಾತನ ಗಲ್ಲ ಅಳಿಯನಿಗೆ ಹೇಗೆ ಬಂತು ನೋಡಿ, ಋಣಾನುಬಂಧ ಎಂದರೆ ಇದು, ಎಂದು ಬೆರಗಾದರಂತೆ. ಇದನ್ನು ಹೇಳಿಕೊಂಡು ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಈಗ ಗಾಜು, ಪೆನ್ಸಿಲು ಎಲ್ಲ ಅಟ್ಟ ಸೇರಿವೆ. ಕಂಪ್ಯೂಟರಿನ ಮುಂದೆ ನಾನು ಕೂರುತ್ತೇನೆ. ಅವಳ ಒಂದು ಕಣ್ಣಿಗೆ ಪೊರೆ ಬಂದಿದೆ. ಆದರೂ ಪಕ್ಕದಲ್ಲಿ ಕುಳಿತು, "ಅಷ್ಟು ಬೆಳ್ಳಗೆ ಮಾಡ್ಬೇಡ, ಪಾಪ, ಮನೆಗೆ ಹೋದ್ರೆ ಗುರುತು ಸಿಗ್ಬೇಕಲ್ಲ" ಎಂದು ತಲೆ ತಿನ್ನುತ್ತಾಳೆ.

ಅಮ್ಮನದು ಎಂದು ಇದ್ದದ್ದು ಒಂದೇ ಫೋಟೊ. ಮೇಲಿನ ಮನೆಯಲ್ಲಿ, ಬಾಗಿಲ ಪಕ್ಕದ ಗೋಡೆಯ ಮೇಲೆ, ಅಂಗೈ ಅಗಲದ ಚೌಕಟ್ಟಿನೊಳಗೆ. ಅದನ್ನು ತೆಗೆದ ಸ್ಟುಡಿಯೊ ಎಂದೋ ಮುಚ್ಚಿ, ನೆಗೆಟಿವ್ ಕೂಡ ಹೋಗಿತ್ತು. ಮನೆಗೆ ಬಂದವರೆಲ್ಲ ಮೊದಲು ಫೋಟೊ ನೋಡಿ, ಆಮೇಲೆ ನನ್ನನ್ನು ನೋಡಿ, "ಥೇಟ್ ತಾಯಿಯ ಪಡಿಯಚ್ಚು" ಎನ್ನುತ್ತಿದ್ದರು. ಅವರ್‍ಯಾರೂ ಅಮ್ಮನನ್ನು ಕಂಡವರಲ್ಲ. ಆದರೂ ಆ ಮಾತು ಕೇಳಿದಾಗಲೆಲ್ಲ ನಾನು ಉಬ್ಬಿಹೋಗುತ್ತಿದ್ದೆ. ಅವಳ ದನಿ ನನಗೆ ಗೊತ್ತಿಲ್ಲ, ಅವಳ ಒಂದು ಬಟ್ಟೆ ಕೂಡ ಉಳಿದಿಲ್ಲ, ಮುಖವೊಂದನ್ನಾದರೂ ಕೊಟ್ಟು ಹೋಗಿದ್ದಾಳಲ್ಲ ಎಂದು. ಶಾಲೆಗೆ ಹೋಗುವಾಗ ಅವಳಿಗೆ ಹೇಳಿ ಹೋಗುತ್ತಿದ್ದೆ. ಫೇಲಾದದ್ದು, ಗೆಳತಿಯ ಜೊತೆ ಮಾತು ಬಿಟ್ಟದ್ದು, ಒಬ್ಬನನ್ನು ಇಷ್ಟಪಟ್ಟದ್ದು, ಅವನು ಕೈ ಕೊಟ್ಟದ್ದು, ಎಲ್ಲ ವರದಿಯೂ ಅವಳಿಗೆ ಒಪ್ಪಿಸುತ್ತಿದ್ದೆ. ಅವಳು ಎಲ್ಲ ಬಲ್ಲವಳಂತೆ ನೋಡುತ್ತಿದ್ದಳು. ನನ್ನನ್ನು ಇಷ್ಟು ಅರ್ಥ ಮಾಡಿಕೊಂಡ ಮುಖ ಇನ್ನೊಂದಿಲ್ಲ ಎನ್ನಿಸುತ್ತಿತ್ತು.

ಈಚೆಗೆ ಒಂದು ಬೆಳಿಗ್ಗೆ ಚೌಕಟ್ಟಿನ ಹಿಂದಿನ ರಟ್ಟು ಪುಡಿಪುಡಿಯಾಗಿ ಉದುರಿತು. ಹೇಗೂ ಬಿಚ್ಚಬೇಕು, ಫೋಟೊ ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಚಿಕ್ಕಮ್ಮನನ್ನು ಅಚ್ಚರಿಗೊಳಿಸೋಣ ಎಂದು ಕೆಳಗೆ ತಂದೆ. ಅಚ್ಚರಿ ಯಾರಿಗೆ ಕಾದಿತ್ತೋ. ಪರದೆಯ ಮೇಲೆ ಅಮ್ಮನ ಮುಖವನ್ನು ದೊಡ್ಡದು ಮಾಡುತ್ತ ಹೋದೆ. ದೂಳಿನ ಚುಕ್ಕೆಗಳನ್ನು ತೆಗೆಯುತ್ತ ಎಡಹುಬ್ಬಿಗೆ ಬಂದೆ. ಒಂದೊಂದೇ ಕೂದಲನ್ನು ಬಿಡಿಸಿದ ಹುಬ್ಬು. ಅದರ ಹೊರತುದಿಯಲ್ಲಿ ಒಂದು ಸಣ್ಣ ಓರೆ ಗೀರು, ಅಲ್ಲಿ ಮಾತ್ರ ಕೂದಲಿಲ್ಲ.

ನನ್ನ ಕೈ ತಾನಾಗಿ ನನ್ನ ಹುಬ್ಬಿಗೆ ಹೋಯಿತು. ಅಲ್ಲಿ ನನಗೂ ಅಂಥದೇ ಗೀರಿದೆ, ಹುಟ್ಟಿನಿಂದ ಬಂದದ್ದಲ್ಲ. ಶಾಲೆಗೆ ಹೋಗುತ್ತಿದ್ದಾಗ ಇದೇ ಸ್ಟುಡಿಯೊದ ಮೆಟ್ಟಿಲಿನಿಂದ ಉರುಳಿ, ಕಬ್ಬಿಣದ ಅಂಚು ತಾಗಿ, ರಕ್ತ ಸುರಿದು, ಹೊಲಿಗೆ ಹಾಕಿಸಿಕೊಂಡು ಬಂದದ್ದು. ಬಿದ್ದು ಮಾಡಿಕೊಂಡ ಗಾಯ ತಾಯಿಯಿಂದ ಮಗಳಿಗೆ ಬರುವುದಿಲ್ಲ. ಮಗಳಿಂದ ತಾಯಿಗೆ ಹೋಗುವುದಂತೂ ಸಾಧ್ಯವೇ ಇಲ್ಲ.

ಚಿಕ್ಕಮ್ಮ ಚಹಾ ಹಿಡಿದುಕೊಂಡು ಬಂದಳು. ಪರದೆ ನೋಡಿದಳು. ಲೋಟಗಳನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.

"ಅಯ್ಯೋ, ಕಲೆ ಬಿಟ್ಬಿಟ್ಟಿದೀನಲ್ಲೇ" ಎಂದಳು.

ಮೊದಲು ಬಂದದ್ದು ಆ ಮಾತು. ಊರವರ ಕಲೆಗಳನ್ನೆಲ್ಲ ಒರೆಸಿದವಳಿಗೆ ಆ ಕ್ಷಣ ಕಂಡದ್ದು ತನ್ನ ಕೆಲಸದ ತಪ್ಪು. ಆಮೇಲೆ ನನ್ನ ಮುಖ ಕಂಡಿತು.

"ಇದು ಯಾರು?" ಎಂದು ಕೇಳಿದೆ.

"ಮೇಲಿನ ಪೈಪು ಒಡೆದು ಗೋಡೆಯೆಲ್ಲ ನೆಂದಿತ್ತು, ಜ್ಞಾಪಕ ಇದೆಯಾ? ನಿನ್ನ ಹೊಲಿಗೆ ಬಿಚ್ಚಿಸಿದ್ಮೇಲೆ. ಗಾಜಿನೊಳಗೆ ನೀರು ಹೋಗಿ ಮುಖ ಪೂರ್ತಿ ಅಂಟಿಕೊಂಡು ಕಿತ್ತು ಬಂತು. ಕುತ್ತಿಗೆಯಿಂದ ಕೆಳಗೆ ಅವಳದ್ದೇ. ಮೇಲಿನದ್ದು..."

"ನಂದು."

"ಎರವಲು" ಎಂದಳು, ನೆಲ ನೋಡುತ್ತ. "ನೀನು ನಿದ್ದೆ ಮಾಡ್ತಿದ್ದಾಗ, ಊಟ ಮಾಡ್ತಿದ್ದಾಗ ನೋಡ್ನೋಡಿ ಬರೆದೆ. ದೊಡ್ಡವಳಾದ್ರೆ ಹೀಗಾಗ್ತೀಯ ಅಂತ ಅಂದಾಜು ಮಾಡಿ."

ನಾನು ದೊಡ್ಡವಳಾದರೆ ಹೇಗೆ ಕಾಣುತ್ತೇನೆಂದು ಅವಳು ಅಂದೇ ಬರೆದು ಗೋಡೆಗೆ ಹಾಕಿದ್ದಳು. ನಾನು ಬೆಳೆದು ಅಷ್ಟಕ್ಕೆ ಸರಿಯಾಗಿ ಹೋಗಿ ಸೇರಿದ್ದೆ. ಪಡಿಯಚ್ಚಾಗದೆ ಇನ್ನೇನಾಗಬೇಕಿತ್ತು? ಇಷ್ಟು ವರ್ಷ ಅಳುತ್ತ, ನಗುತ್ತ ನಾನು ವರದಿ ಒಪ್ಪಿಸಿದ್ದು ನನಗೇ. ಸಿಟ್ಟು ನೆತ್ತಿಗೇರಿತು.

"ನೀನೇ ಬರೀಬಹುದಾಗಿತ್ತಲ್ಲ. ಬೀದೀಲಿ ಹೋಗೋ ದಾಸಯ್ಯನ ಕಿವಿ ಕೂಡ ಜ್ಞಾಪಕ ಇಟ್ಕೊಳ್ಳೋಳು ನೀನು. ಸ್ವಂತ ಅಕ್ಕನ ಮುಖ ಬರೆಯೋಕೆ ನಾನ್ಯಾಕೆ ಬೇಕಿತ್ತು?"

"ಬರ್ಲಿಲ್ಲ ಕಣೇ. ಎಷ್ಟು ಸಲ ಕೂತೆ. ಅವಳ ನಡಿಗೆ ಬರುತ್ತೆ, ಬೈಗುಳ ಬರುತ್ತೆ, ಬೆನ್ನು ಕೂಡ ಬರುತ್ತೆ. ಮುಖ ಮಾತ್ರ ಬರಲ್ಲ. ಅವಳು ಇದ್ದಾಗ ನಾನು ಅವಳನ್ನ ನೋಡೇ ಇರ್ಲಿಲ್ಲ. ಅಕ್ಕ ತಾನೇ, ಇಲ್ಲೇ ಇರ್ತಾಳಲ್ಲ ಅಂತ. ಆಮೇಲೆ ಬೀದಿಬೀದೀಲಿ ನಿಂತು ನೋಡ್ತಾ ಬಂದೆ, ಯಾರ ಮುಖದಲ್ಲಾದ್ರೂ ಸಿಗ್ತಾಳೇನೋ ಅಂತ."

ನಾನು ನಾಚಿಕೊಂಡು ರಸ್ತೆ ದಾಟಿದಾಗಲೆಲ್ಲ ಅವಳು ಹುಡುಕುತ್ತಿದ್ದದ್ದು ನನ್ನ ಅಮ್ಮನನ್ನು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಪೈಪು ಒಡೆಯುವ ಮೊದಲು ಗೋಡೆಯ ಮೇಲಿದ್ದದ್ದು ನಿಜವಾದ ಫೋಟೊ. ಅದನ್ನು ನಾನೂ ದಿನಾ ನೋಡಿದ್ದೆ. ಬೇರೆ ಮುಖ ಬಂದು ಕುಳಿತಾಗ ನನಗೆ ಗೊತ್ತೇ ಆಗಿರಲಿಲ್ಲ. ಹೋಗಿ ಬರುತ್ತೇನೆ ಎಂದು ಹೇಳಿ ಶಾಲೆಗೆ ಹೋಗಿದ್ದೆ.

"ಅದರಲ್ಲೂ ಈ ಮೂಗು" ಎಂದಳು ಚಿಕ್ಕಮ್ಮ, ಪರದೆಯ ಕಡೆ ನೋಡಿ. "ಇದು ಅವಳದ್ದಲ್ಲ. ಅವತ್ತೇ ಅನ್ನಿಸಿತ್ತು."

"ಮುಖ ಜ್ಞಾಪಕ ಇಲ್ಲ ಅಂದ್ಯಲ್ಲ?"

"ಇಲ್ಲ. ಆದ್ರೆ ಇದಲ್ಲ ಅನ್ನೋದು ಗೊತ್ತಾಗುತ್ತೆ."

ನಾನು ಎದ್ದು ಹೋಗಿ ಸ್ಟುಡಿಯೊದ ಬಾಗಿಲು ಹಾಕಿ ಬಂದೆ. ಇದಲ್ಲ ಎನ್ನಲು ಬರುವವಳಿಗೆ ಒಂದಲ್ಲ ಒಂದು ಹಂತದಲ್ಲಿ ಹೌದು ಎನ್ನಲೂ ಬರಲೇಬೇಕು. ನೆನಪಿನಿಂದ ಎಳೆದು ತರುವುದು ಬೇಡ, ಕಣ್ಣ ಮುಂದೆ ಒಂದೊಂದಾಗಿ ಇಡುತ್ತ ಹೋದರೆ ಸಾಕು. ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆಸಿದ ಬೀದಿಯ ಮುಖಗಳೆಲ್ಲ ನಮ್ಮ ಕಂಪ್ಯೂಟರಿನಲ್ಲೇ ಇವೆ.

"ಯಾರ ಮೂಗು ಹಾಕ್ಲಿ ಹೇಳು."

ಅವಳಿಗೆ ಅರ್ಥವಾಯಿತು. ಬೆನ್ನು ನೆಟ್ಟಗೆ ಮಾಡಿ ಕುಳಿತಳು. "ಔಷಧಿ ಅಂಗಡಿಯವಳದ್ದು ಹಾಕು. ಊಹೂಂ, ಸ್ವಲ್ಪ ಅಗಲ ಮಾಡು. ಇನ್ನೂ. ಈಗ ತುಟಿ. ಬ್ಯಾಂಕಿನ ಕಾವಲುಗಾರನ ಹೆಂಡತಿಯದ್ದು ಮೇಲ್ತುಟಿ, ಮೇಲಿನದ್ದು ಮಾತ್ರ." ನನ್ನ ಕಣ್ಣು ತೆಗೆದು ಬಟ್ಟೆ ಇಸ್ತ್ರಿ ಮಾಡುವವಳ ಕಣ್ಣಿಟ್ಟೆ. ಬೇಡ ಎಂದಳು. ಬಸ್ಸಿನ ಕಂಡಕ್ಟರಮ್ಮನದಿಟ್ಟೆ. "ಇನ್ನೂ ಚಿಕ್ಕದು. ದೂರ ದೂರ ಇಡು." ಗೀರು ಬಿದ್ದ ಹುಬ್ಬನ್ನು ತೆಗೆಯುವಾಗ ನನ್ನ ಕೈ ಒಂದು ಗಳಿಗೆ ತಡೆಯಿತು. ತೆಗೆದೆ. ಚಹಾ ಕೆನೆಗಟ್ಟಿತು. ಬಾಗಿಲು ತಟ್ಟಿದ ಗಿರಾಕಿಗಳು ಬೈದುಕೊಂಡು ಹೋದರು. ಅವಳು ಬೇಡ ಬೇಡ ಎನ್ನುತ್ತಲೇ ಇದ್ದಳು, ನಾನು ತೆಗೆದು ಹಾಕುತ್ತಲೇ ಇದ್ದೆ. ಕೆನ್ನೆಯನ್ನು ಒಂದು ಎಳೆಯಷ್ಟು ಅಗಲ ಮಾಡಿದೆ, ಅಷ್ಟೇ.

ಚಿಕ್ಕಮ್ಮ ಬೇಡ ಎನ್ನಲಿಲ್ಲ.

ತಿರುಗಿ ನೋಡಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು. ಆಮೇಲೆ ಕೈ ತೆಗೆದು, ಪಕ್ಕದ ಕೋಣೆಯಲ್ಲಿದ್ದವರನ್ನು ಕರೆಯುವ ಹಾಗೆ, "ಅಕ್ಕಾ" ಎಂದಳು. ಅವಳ ಅಷ್ಟು ಚಿಕ್ಕ ದನಿಯನ್ನು ನಾನು ಕೇಳಿರಲಿಲ್ಲ. ಕಣ್ಣಿಂದ ನೀರು ಗಲ್ಲಕ್ಕಿಳಿದು ತೊಟ್ಟಿಕ್ಕುತ್ತಿತ್ತು, ಅವಳಿಗೆ ಒರೆಸಿಕೊಳ್ಳುವ ಪರಿವೆಯೂ ಇರಲಿಲ್ಲ.

ಪರದೆಯ ಮೇಲೆ ಒಬ್ಬಳು ಹೆಂಗಸು. ಅಗಲ ಮುಖ, ದೂರ ದೂರವಿದ್ದ ಸಣ್ಣ ಕಣ್ಣು, ಯಾರದೋ ಮಾತು ಅರ್ಧಕ್ಕೆ ತಡೆದು ನಿಂತಂಥ ಗಡಸು ಬಾಯಿ. ನನ್ನದೆಂಬ ಒಂದು ಗೆರೆಯೂ ಅಲ್ಲಿರಲಿಲ್ಲ. ಬೀದಿಯಲ್ಲಿ ಎದುರಾಗಿದ್ದರೆ ದಾಟಿ ಹೋಗುತ್ತಿದ್ದೆ. ಎದೆಯಲ್ಲಿ ಏನಾದರೂ ಅಲುಗಾಡೀತು ಎಂದು ಕಾದೆ. ಏನೂ ಆಗಲಿಲ್ಲ. ಭಯವಾಯಿತು. ನನ್ನನ್ನು ಹೆತ್ತವಳು ಕಣ್ಣ ಮುಂದಿದ್ದಾಳೆ, ನನಗೆ ಅವಳ ಗುರುತು ಸಿಗುತ್ತಿಲ್ಲ.

"ಬೇಗ ಸೇವ್ ಮಾಡೇ" ಎಂದಳು ಚಿಕ್ಕಮ್ಮ. "ಮತ್ತೆ ಹೋಗ್ಬಿಡ್ತಾಳೆ."

ಅವಸರದಲ್ಲಿ 'ಅಮ್ಮ' ಎಂದು ಟೈಪ್ ಮಾಡಿದೆ. ಈ ಹೆಸರಿನ ಫೋಟೊ ಆಗಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ ಎಂದು ಕಂಪ್ಯೂಟರ್ ಕೇಳಿತು. ಬೆಳಿಗ್ಗೆ ಸ್ಕ್ಯಾನ್ ಮಾಡಿದ್ದಕ್ಕೂ ಅದೇ ಹೆಸರು ಕೊಟ್ಟಿದ್ದೆ. ನನ್ನ ಬೆರಳು ನಿಂತುಬಿಟ್ಟಿತು.

"ಏನಂತೆ?"

"ಹಳೇ ಅಮ್ಮನ್ನ ಅಳಿಸಿ ಇವರನ್ನ ಇಡ್ಲಾ ಅಂತ ಕೇಳ್ತಿದೆ."

ಚಿಕ್ಕಮ್ಮ ನನ್ನ ಕಡೆ ತಿರುಗಿ, ನನ್ನ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದಳು. ಯಾರಿಗೋ ಎರವಲು ಕೊಡಲು ನೋಡುವ ನೋಟವಲ್ಲ ಅದು.

"ಅಳಿಸ್ಬೇಡ. ಅದು ನೀನಲ್ವೇನೇ. ನಿನ್ನ ಹೆಸರು ಹಾಕು."

ಹಳೆಯ ಫೋಟೊಗೆ ನನ್ನ ಹೆಸರು ಹಾಕಿದೆ. ಹೊಸದಕ್ಕೆ ಅಮ್ಮ ಎಂದು ಬರೆದೆ. ಆಮೇಲೆ ಆ ಹೆಂಗಸಿನ ಎದುರು ಕುರ್ಚಿ ಎಳೆದುಕೊಂಡು ಕುಳಿತೆ. ದಿನಾ ಗಂಟೆಗಟ್ಟಲೆ ಹರಟಿದವಳಿಗೆ ಆಗ ಒಂದು ಮಾತೂ ಹೊಳೆಯಲಿಲ್ಲ. ಕೊನೆಗೆ, ನಾನು ಯಾರೆಂದು ಅವಳಿಗೆ ಹೇಳಿದೆ.